ಸೋರುವ ಬಿಸಿ

ನನ್ನ ಬಲಗೈಗೆ ಒಂದು ಚಾಳಿ ಅಂಟಿಕೊಂಡಿದೆ. ಅಕ್ಟೋಬರ್ ಕಳೆದು ಲೀಡ್ಸ್ ನಗರದ ಆಕಾಶವು ಒದ್ದೆ ಬೂದಿಯ ಬಣ್ಣಕ್ಕೆ ತಿರುಗಿತೆಂದರೆ, ಮಹಡಿಯಿಂದಿಳಿದು ಪಡಸಾಲೆಯನ್ನು ದಾಟುವಾಗಲೆಲ್ಲ, ಗೋಡೆಗೆ ಬೆನ್ನು ಹಚ್ಚಿ ನಿಂತ ರೇಡಿಯೇಟರಿನ ನೆತ್ತಿಯನ್ನು ಮುಟ್ಟಿ ನೋಡದೆ ಆ ಕೈ ನನ್ನೊಡನೆ ಮುಂದಕ್ಕೆ ಬರಲೊಲ್ಲದು. ಮುಟ್ಟಿದ್ದರಿಂದ ರೇಡಿಯೇಟರಿಗೂ ಪ್ರಯೋಜನವಿಲ್ಲ, ಕೋಣೆಗೂ ಪ್ರಯೋಜನವಿಲ್ಲ. ಅದು ಸುಡುವಂತಿದ್ದರೆ ಹಣ ಉರಿದುಹೋಗುತ್ತಿದೆಯೆಂಬ ಸಂಕಟ, ತಣ್ಣಗಿದ್ದರೆ ಈ ಇಳಿವಯಸ್ಸಿನಲ್ಲಿ ಇದೆಂಥ ದಾರಿದ್ರ್ಯವೆಂಬ ಸಂಕಟ. ಎರಡರಲ್ಲೊಂದನ್ನು ಸಂಪಾದಿಸಿಕೊಂಡೇ ನಾನು ಅಡಿಗೆಮನೆಯನ್ನು ಸೇರುವುದು. ನಾಲ್ಕು ದಶಕ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತನಾದವನು ನಾನು. "ನಾಡಿ ಹಿಡಿಯೋದಕ್ಕೆ ಈಗ ರೋಗಿಗಳು ಸಿಗೋದಿಲ್ಲ ನೋಡಿ, ಅದಕ್ಕೇ ನಮ್ಮೋರು ಗೋಡೆ ನಾಡಿ ನೋಡ್ತಾರೆ" ಎಂದು ನನ್ನ ಮಡದಿ ಬಂದವರೆದುರಿಗೆಲ್ಲ ಹೇಳಿ ನಗಿಸುತ್ತಾಳೆ. ನಗುವವರೂ ತಮ್ಮ ಮನೆಗೆ ಹೋದ ಮೇಲೆ ತಮ್ಮ ತಮ್ಮ ರೇಡಿಯೇಟರುಗಳನ್ನು ಮುಟ್ಟಿ ನೋಡುತ್ತಾರೆಂಬುದನ್ನು ನಾನು ಬಲ್ಲೆನು.

ಈ ಚಾಳಿಯ ಮೂಲವನ್ನು ಹುಡುಕಿಕೊಂಡು ಹೊರಟರೆ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಬಚ್ಚಲಿಗೆ ಹೋಗಬೇಕಾಗುತ್ತದೆ. ಅಲ್ಲಿ ತಾಮ್ರದ ಹಂಡೆಯೊಂದು ಮಣ್ಣಿನ ಒಲೆಯ ಮೇಲೆ ಶಾಶ್ವತವಾಗಿ ಪ್ರತಿಷ್ಠಿತವಾಗಿತ್ತು; ಒಲೆಯ ಬಾಯಿಗೆ ಒಣಗಿದ ದರಗನ್ನೂ ದಪ್ಪನಾದ ಕುಂಟೆಗಳನ್ನೂ ತುರುಕಿ ನೀರು ಕಾಯಿಸುತ್ತಿದ್ದೆವು. ನೀರು ಕಾಯುವುದೇನೋ ಆ ಬೆಂಕಿಯ ಅಧಿಕೃತ ಕಾರ್ಯವಾಗಿತ್ತು. ಆದರೆ ಆಷಾಢದ ಜಡಿಮಳೆಯಲ್ಲಿ ಗದ್ದೆಯಿಂದ ಬಂದವರ ಕಂಬಳಿಕೊಪ್ಪೆಗಳು ಒಣಗುತ್ತಿದ್ದುದು ಅದರ ಪಕ್ಕದಲ್ಲಿ, ಹಲಸಿನ ಬೀಜಗಳು ಸುಡುತ್ತಿದ್ದುದು ಅದರ ಬೂದಿಯಲ್ಲಿ, ಮನೆಯ ಬೆಕ್ಕು ಮರಿ ಹಾಕುತ್ತಿದ್ದುದು ಅದರ ಹಿಂದಿನ ಮೂಲೆಯಲ್ಲಿ, ಮತ್ತು ಶಾಲೆಗೆ ಹೋಗಲೊಲ್ಲದ ಹುಡುಗರು ಹೊಟ್ಟೆನೋವೆಂದು ಹೇಳಿ ಕುಳಿತುಕೊಳ್ಳುತ್ತಿದ್ದುದು ಅದರ ಮುಂದೆ. ಹಂಡೆಯ ನೀರಿಗೆ ಸೇರಬೇಕಾಗಿದ್ದ ಉಷ್ಣದಲ್ಲಿ ಬಹುಭಾಗವು ಹೀಗೆ ಆಚೆಗೆ ಸೋರಿಹೋಗುತ್ತಿತ್ತು. ಸೋರಿದ ಭಾಗದಲ್ಲಿಯೇ ಮನೆಯವರೆಲ್ಲರ ಸಂಸಾರ ನಡೆಯುತ್ತಿತ್ತು. ಅಜ್ಜಿಯೊಬ್ಬಳು ಮಾತ್ರ "ಇದೇನು ಮನೆಯೋ, ಹೆಂಡದ ಭಟ್ಟಿಯೋ, ಎಷ್ಟು ಕಟ್ಟಿಗೆ ಒಟ್ಟುತ್ತೀರಿ!" ಎಂದು ಗೊಣಗುತ್ತಿದ್ದಳು, ಗೊಣಗುತ್ತಲೇ ತನ್ನ ಮಣೆಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

ಅಂಥ ಬೆಂಕಿಯ ಮುಂದಿನಿಂದ ಎದ್ದುಬಂದವನು, ಮೈಸೂರಿನಲ್ಲಿ ವೈದ್ಯಕೀಯ ಮುಗಿಸಿ, ೧೯೬೭ರ ಶರತ್ಕಾಲದಲ್ಲಿ ಈ ದೇಶಕ್ಕೆ ಬಂದು ಇಳಿದಾಗ, ಬಿಸಿಯನ್ನು ನಾಣ್ಯ ಹಾಕಿ ಕೊಂಡುಕೊಳ್ಳಬೇಕೆಂಬ ಸಂಗತಿಯು ನನಗೆ ಮೊದಲು ವಿನೋದವಾಗಿಯೂ ಬಹುಬೇಗ ವಿಷಾದವಾಗಿಯೂ ಕಂಡಿತು. ಬಾಡಿಗೆಯ ಕೋಣೆಯ ಮೂಲೆಯಲ್ಲಿ ಗ್ಯಾಸಿನ ಒಲೆಯೊಂದಿತ್ತು. ಅದರ ಪಕ್ಕದಲ್ಲಿ ಕಬ್ಬಿಣದ ಮೀಟರೊಂದಿತ್ತು. ಮೀಟರಿನ ಸೀಳಿಗೆ ಶಿಲ್ಲಿಂಗ್ ನಾಣ್ಯವನ್ನು ತೂರಿಸಿ ತಿರುಪನ್ನು ತಿರುಗಿಸಿದರೆ, ಒಳಗೆ ನಾಣ್ಯ ಬಿದ್ದ ಸದ್ದಾಗಿ, ಬೆಂಕಿಯು ನಮ್ಮ ಮೇಲೆ ಪ್ರಸನ್ನವಾಗುತ್ತಿತ್ತು. ಆ ಪ್ರಸನ್ನತೆಯ ಅವಧಿ ಎಷ್ಟೆಂಬುದು ಮನೆಯೊಡತಿಯು ಮೀಟರನ್ನು ಹೊಂದಿಸಿದ ರೀತಿಯನ್ನು ಅವಲಂಬಿಸಿತ್ತು. ನಮ್ಮ ಒಡತಿಯು ಈ ವಿಷಯದಲ್ಲಿ ಔದಾರ್ಯಕ್ಕೆ ಹೆಸರಾದವಳಲ್ಲ. ಓದುತ್ತಿದ್ದ ಪುಟದ ನಡುವೆ ಜ್ವಾಲೆಯು ನೀಲಿಯಾಗಿ, ಕುಗ್ಗಿ, ಪಕ್ಕೆಂದು ಆರಿಹೋಗುತ್ತಿತ್ತು. ಕಿಸೆಯಲ್ಲಿ ಶಿಲ್ಲಿಂಗ್ ಇಲ್ಲದಿದ್ದರೆ ಅಂದಿನ ಅಧ್ಯಯನವು ಹಾಸಿಗೆಯೊಳಗೆ, ಓವರ್‌ಕೋಟಿನ ಸಮೇತ. ನಾವೆಲ್ಲ ಪೌಂಡಿನ ನೋಟು ಬಂದರೆ ಸಂತೋಷಪಡದೆ ಶಿಲ್ಲಿಂಗ್ ಬಂದರೆ ಸಂತೋಷಪಡುತ್ತಿದ್ದ ಕಾಲವದು. ೧೯೬೮ರಲ್ಲಿ ಹೊಸ ಐದು ಪೆನ್ಸಿನ ನಾಣ್ಯ ಬಂದಾಗ ಅದೂ ಶಿಲ್ಲಿಂಗಿನ ಗಾತ್ರದಲ್ಲಿಯೇ ಇದ್ದು ಮೀಟರು ಅದನ್ನು ಭೇದವೆಣಿಸದೆ ನುಂಗಿತಾಗಿ, ನಮ್ಮ ಪಾಲಿಗೆ ನಾಣ್ಯಸುಧಾರಣೆಯು ನಿರಪಾಯಕರವಾಗಿ ನಡೆದುಹೋಯಿತು.

ನಾನು ಬರುವುದಕ್ಕೆ ಒಂದೆರಡು ವರ್ಷ ಮೊದಲು, ನಮ್ಮ ತಾಲ್ಲೂಕಿನ ಮೇಳಿಗೆಯವರೇ ಆದ ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆಂದು ಇದ್ದುಕೊಂಡು 'ಸಂಸ್ಕಾರ'ವನ್ನು ಬರೆದಿದ್ದರು. ಹೆಣವನ್ನಿಟ್ಟುಕೊಂಡು ಬೇಗೆಯಲ್ಲಿ ಬೇಯುವ ಆ ಅಗ್ರಹಾರವನ್ನು ಓದಿದಾಗಲೆಲ್ಲ, ಇಂಗ್ಲೆಂಡಿನ ಮಧ್ಯಭಾಗದ ಚಳಿಯಲ್ಲಿ ಕುಳಿತವರಿಗೇ ನಮ್ಮ ಸೀಮೆಯ ಬಿಸಿಲು ಅಷ್ಟು ನಿಚ್ಚಳವಾಗಿ ಕಂಡೀತೆಂದು ನನಗೆ ತೋರುತ್ತದೆ. ವಿಮರ್ಶಕರು ಒಪ್ಪಲಿ, ಬಿಡಲಿ. ನನ್ನ ಪಾಲಿಗಾದರೋ ಆ ಚಳಿಯಿಂದ ಕಾದಂಬರಿ ಹುಟ್ಟಲಿಲ್ಲ, ಕೈಕಾಲಿನ ಬೆರಳುಗಳಲ್ಲಿ ಊತ ಹುಟ್ಟಿತು. ಅಂದಹಾಗೆ ನನ್ನ ಕನ್ನಡವೂ ನಾನು ಬಂದಿಳಿದ ವರ್ಷದಲ್ಲಿ ಹೆಪ್ಪುಗಟ್ಟಿದ್ದು ಹಾಗೆಯೇ ಉಳಿದಿದೆ. ಬೆಂಗಳೂರಿನಿಂದ ಬರುವ ಮೊಮ್ಮಕ್ಕಳ ವಯಸ್ಸಿನವರು ನನ್ನ ಮಾತನ್ನು ಕೇಳಿ, ಹಳೆಯ ಪಠ್ಯಪುಸ್ತಕವೊಂದು ತಾನಾಗಿ ಓದಿಕೊಳ್ಳುತ್ತಿರುವಂತೆ ಬೆರಗಾಗುತ್ತಾರೆ.

ಶಿಲ್ಲಿಂಗ್ ಇಲ್ಲದವರಿಗೆ ಸೀಮೆಎಣ್ಣೆಯ ಹೀಟರು ಗತಿಯಾಗಿತ್ತು. ಅದರ ವಾಸನೆಯು ಕೋಟು, ಪುಸ್ತಕ, ಸಾರು ಎಲ್ಲವನ್ನೂ ವ್ಯಾಪಿಸುತ್ತಿತ್ತು. ಅದರ ಉಸಿರು ಕಿಟಕಿಯ ಗಾಜಿನ ಮೇಲೆ ನೀರಾಗಿ ಇಳಿಯುತ್ತಿತ್ತು. ಉರುಳಿಬಿದ್ದ ಅಂಥ ಹೀಟರುಗಳಿಂದ ಸುಟ್ಟುಕೊಂಡ ಮಕ್ಕಳನ್ನು ರಾತ್ರಿಯ ಪಾಳಿಯಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಊರಿನ ಕಲ್ಲಿನ ಕಟ್ಟಡಗಳೆಲ್ಲ ಕಲ್ಲಿದ್ದಲಿನ ಮಸಿಯಿಂದ ಕಪ್ಪಾಗಿದ್ದವು. ೧೯೫೨ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಕವಿದು ಸಾವಿರಾರು ಜನರ ಉಸಿರನ್ನು ನಿಲ್ಲಿಸಿದ ಹೊಗೆಮಂಜಿನ ಬಳಿಕ, ೧೯೫೬ರಲ್ಲಿ, ಹೊಗೆಯನ್ನು ಹತ್ತಿಕ್ಕುವ ಕಾಯಿದೆ ಬಂದಿತ್ತಾದರೂ ಮಸಿಗೆ ಕಾಯಿದೆ ಓದಲು ಬರುತ್ತಿರಲಿಲ್ಲ.

ಆಮೇಲೆ ಸಮುದ್ರದಿಂದ ಗ್ಯಾಸು ಬಂತು. ೧೯೬೫ರಲ್ಲಿ ಉತ್ತರ ಸಮುದ್ರದ ತಳದಲ್ಲಿ ದೊರೆತ ನೈಸರ್ಗಿಕ ಅನಿಲವು ಅಲ್ಲಿಯವರೆಗೆ ಕಲ್ಲಿದ್ದಲನ್ನು ಕಾಯಿಸಿ ತೆಗೆಯುತ್ತಿದ್ದ ಊರ ಗ್ಯಾಸಿಗಿಂತ ಸುಮಾರು ಎರಡರಷ್ಟು ಕಾವುಳ್ಳದ್ದು. ಹಳೆಯ ಬರ್ನರುಗಳಲ್ಲಿ ಅದು ಸರಿಯಾಗಿ ಉರಿಯುವಂತಿರಲಿಲ್ಲ. ಆದುದರಿಂದ ೧೯೬೭ರಿಂದ ೧೯೭೭ರವರೆಗೆ ಈ ದೇಶದ ಬೀದಿಬೀದಿಗೂ ಕೆಲಸಗಾರರು ಪೆಟ್ಟಿಗೆ ಹೊತ್ತು ಬಂದು, ಮನೆಮನೆಯ ಒಲೆ, ಹೀಟರು, ಗೀಸರುಗಳ ಬಾಯಿಗಳನ್ನು ಬದಲಿಸಿದರು. ಸುಮಾರು ೪ ಕೋಟಿ ಸಾಧನಗಳನ್ನು ಹೀಗೆ ಬದಲಿಸಿದರೆಂದು ಲೆಕ್ಕವುಂಟು. ವೈದ್ಯನಾದ ನನಗೆ ಆ ಬದಲಾವಣೆಯ ಇನ್ನೊಂದು ಮುಖವೂ ಕಂಡಿತು: ಊರ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಿತ್ತು, ಸಮುದ್ರದ ಗ್ಯಾಸಿನಲ್ಲಿ ಅದಿರಲಿಲ್ಲ; ಒಲೆಯೊಳಗೆ ತಲೆಯಿಟ್ಟು ಜೀವ ಕಳೆದುಕೊಂಡವರನ್ನು ಹೊತ್ತು ತರುತ್ತಿದ್ದ ಆಂಬುಲೆನ್ಸುಗಳು ಆ ದಶಕದಲ್ಲಿ ವಿರಳವಾಗುತ್ತ ಹೋಗಿ ಕೊನೆಗೆ ಇಲ್ಲವೇ ಆದವು. ಬಿಲ್ಲನ್ನು ಶಪಿಸುವಾಗಲೂ ನಾನು ಇದೊಂದನ್ನು ಆ ಅನಿಲದ ಪರವಾಗಿ ಬರೆದಿಟ್ಟಿರುತ್ತೇನೆ.

ಮನೆಯನ್ನು ಕೊಂಡಾಗ ಅದರಲ್ಲಿ ಸೆಂಟ್ರಲ್ ಹೀಟಿಂಗ್ ಇತ್ತೆಂಬುದೇ ನಮಗೆ ದೊಡ್ಡ ಹೆಮ್ಮೆ. ೧೯೭೦ರಲ್ಲಿ ಈ ದೇಶದ ಮೂರರಲ್ಲೊಂದು ಮನೆಗೂ ಆ ಭಾಗ್ಯವಿರಲಿಲ್ಲವೆಂದ ಮೇಲೆ, ಮಲೆನಾಡಿನವನೊಬ್ಬನು ಗೋಡೆಯ ಗುಂಡಿಯನ್ನೊತ್ತಿ ಏಳು ಕೋಣೆಗಳನ್ನು ಬೆಚ್ಚಗೆ ಮಾಡಿದನೆಂದರೆ ಊರಿಗೆ ಪತ್ರ ಬರೆಯದಿರುವುದು ಹೇಗೆ? ಬರೆದೆನು. ಅಡಿಗೆಮನೆಯ ಮೂಲೆಯಲ್ಲಿ ನಿಂತಿದ್ದ ಬಾಯ್ಲರು ಆಳೆತ್ತರದ ಒರಟು ಯಂತ್ರ. ಅದರ ಹೊಟ್ಟೆಯೊಳಗೆ ಪೈಲಟ್ ಎಂಬ ಪುಟ್ಟ ಜ್ವಾಲೆಯೊಂದು ಚಳಿಗಾಲ ಬೇಸಿಗೆಯೆನ್ನದೆ, ಕೆಲಸವಿರಲಿ ಇಲ್ಲದಿರಲಿ, ಹಗಲಿರುಳು ಉರಿಯುತ್ತಿತ್ತು. ಅಲ್ಲಿ ಕಾದ ನೀರು ಕೊಳವೆಗಳಲ್ಲಿ ಹರಿದು ಕೋಣೆಕೋಣೆಯ ರೇಡಿಯೇಟರುಗಳನ್ನು ಸುತ್ತಿ ಮತ್ತೆ ಮೂಲಸ್ಥಾನಕ್ಕೆ ಬರುತ್ತಿತ್ತು. ದಾರಿಯಲ್ಲಿ ಮಹಡಿಯ ಮೇಲಿನ ಒಂದು ಕಪಾಟಿನೊಳಗೆ ಕುಳಿತಿದ್ದ ತಾಮ್ರದ ಸಿಲಿಂಡರಿನ ನೀರನ್ನೂ ಕಾಯಿಸುತ್ತಿತ್ತು. ಆ ಸಿಲಿಂಡರನ್ನು ಮೊದಲ ಬಾರಿ ನೋಡಿದ ದಿನ ನಾನು ಕಪಾಟಿನ ಬಾಗಿಲನ್ನು ತೆರೆದುಕೊಂಡು ಬಹಳ ಹೊತ್ತು ನಿಂತಿದ್ದೆನು. ಬಚ್ಚಲ ಹಂಡೆಯೇ ಸಮುದ್ರ ದಾಟಿ ಬಂದು, ಮೈಮೇಲೊಂದು ತೆಳುವಾದ ಕೆಂಪು ಕವಚ ತೊಟ್ಟು, ಮಹಡಿಯೇರಿ ಕುಳಿತಿತ್ತು.

ಆ ಕಪಾಟಿಗೆ ಇಲ್ಲಿಯವರು ಏರಿಂಗ್ ಕಪ್‌ಬೋರ್ಡ್ ಎನ್ನುತ್ತಾರೆ. ಸಿಲಿಂಡರಿನಿಂದ ಸೋರುವ ಬಿಸಿಯಿಂದ ಅದರ ಹಲಗೆಗಳು ಸದಾ ಬೆಚ್ಚಗಿರುವುದರಿಂದ, ಒಗೆದ ಹಾಸಿಗೆಬಟ್ಟೆ, ಟವೆಲು, ಒಳಉಡುಪುಗಳನ್ನು ಅಲ್ಲಿ ಮಡಿಸಿಡುವುದು ಆಂಗ್ಲರ ಪದ್ಧತಿ. ನಮ್ಮಾಕೆಯು ಚಿತ್ರದುರ್ಗದ ಕಡೆಯವಳು. ಬಂದ ಮೊದಲ ಚಳಿಗಾಲವೆಲ್ಲ ದೋಸೆಯ ಹಿಟ್ಟು ಎರಡು ದಿನವಾದರೂ ಹುದುಗದೆ ಸೀಮೆಸುಣ್ಣದ ನೀರಾಗಿಯೇ ಉಳಿದದ್ದನ್ನೂ, ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಮುಂಜಾನೆಯನ್ನು ಕಂಡದ್ದನ್ನೂ ನೋಡಿ ಕಣ್ಣೀರಿಟ್ಟವಳು. ಈ ಕಪಾಟಿನೊಳಗೆ ಒಮ್ಮೆ ಕೈಯಾಡಿಸಿದವಳೇ ಆಂಗ್ಲಪದ್ಧತಿಯನ್ನು ಕಿತ್ತೊಗೆದಳು. ಟವೆಲುಗಳು ಬೀರುವಿಗೆ ಹೋದವು. ಕೆಳಗಿನ ಹಲಗೆಯ ಮೇಲೆ ದೋಸೆಹಿಟ್ಟಿನ ಪಾತ್ರೆ, ಮೇಲಿನ ಹಲಗೆಯ ಮೇಲೆ ಮೊಸರಿನ ಬೋಗುಣಿ, ಪಕ್ಕದಲ್ಲಿ ಮೊಳಕೆ ಕಟ್ಟಿದ ಹೆಸರುಕಾಳಿನ ಗಂಟು, ಹೀಗೆ ಆ ಕಪಾಟು ನಮ್ಮ ಮನೆಯ ಎರಡನೆಯ ಅಡಿಗೆಮನೆಯಾಯಿತು.

ಅಲ್ಲಿ ಕಟ್ಟಿದ ಮೊಸರಿನ ಕೀರ್ತಿಯು ಬ್ರ್ಯಾಡ್‌ಫರ್ಡ್, ಹಡರ್ಸ್‌ಫೀಲ್ಡುಗಳವರೆಗೆ ಹಬ್ಬಿತೆಂದರೆ ಅತ್ಯುಕ್ತಿಯಲ್ಲ. ಕನ್ನಡಿಗರು ಕೈಬೆರಳೆಣಿಕೆಯಷ್ಟೇ ಇದ್ದ ಆ ದಿನಗಳಲ್ಲಿ, ಹೊಸದಾಗಿ ಬಂದ ದಂಪತಿಗಳು ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುವುದೂ, ಹೋಗುವಾಗ ಒಂದು ಸಣ್ಣ ಬಾಟಲಿಯಲ್ಲಿ ಹೆಪ್ಪು ಒಯ್ಯುವುದೂ ಸಂಪ್ರದಾಯವಾಯಿತು. ಹೆಪ್ಪಿನೊಡನೆ ಉಪದೇಶವೂ ಹೋಗುತ್ತಿತ್ತು: "ಕಪಾಟಿನ ಬಾಗಿಲು ಪೂರ್ತಿ ಮುಚ್ಚಬೇಡಿ, ಬೆರಳಷ್ಟು ತೆರೆದಿರಲಿ, ಸಿಲಿಂಡರಿಗೆ ತಾಗಿಸಬೇಡಿ, ಹುಳಿಯಾಗುತ್ತೆ." ಸಿಲಿಂಡರಿನ ಕವಚವನ್ನು ದಪ್ಪಗೆ ಮಾಡಿಸಿದರೆ ಬಿಲ್ಲು ಇಳಿಯುವುದೆಂದು ಗ್ಯಾಸಿನ ಕರಪತ್ರಗಳು ಆಗಲೇ ಬೋಧಿಸುತ್ತಿದ್ದವು. ನಾನೊಮ್ಮೆ ಅದಕ್ಕಾಗಿ ದಪ್ಪನೆಯ ಹೊದಿಕೆಯೊಂದನ್ನು ತಂದೂ ಇದ್ದೆನು. ಅದು ಯಾವ ದಾನಸಂಸ್ಥೆಯ ಅಂಗಡಿಗೆ ಹೋಯಿತೆಂಬುದನ್ನು ನಮ್ಮಾಕೆ ಈವರೆಗೂ ಬಾಯಿಬಿಟ್ಟಿಲ್ಲ.

೨೦೦೫ರ ಏಪ್ರಿಲಿನಿಂದ ಇಂಗ್ಲೆಂಡಿನಲ್ಲಿ ಹೊಸದಾಗಿ ಹಾಕಿಸುವ ಗ್ಯಾಸ್ ಬಾಯ್ಲರು ಸಾಮಾನ್ಯವಾಗಿ ಕಂಡೆನ್ಸಿಂಗ್ ಜಾತಿಯದೇ ಆಗಿರಬೇಕೆಂಬ ನಿಯಮ ಬಂತು. ನಮ್ಮ ಒರಟು ಯಂತ್ರವು ಅದಾದ ಕೆಲವು ವರ್ಷಗಳಲ್ಲಿ ಕೊನೆಯುಸಿರೆಳೆಯಲಾಗಿ, ಅದರ ಸ್ಥಾನಕ್ಕೆ ಕಾಂಬಿಯೆಂಬ ಬಿಳಿಯ ಪೆಟ್ಟಿಗೆಯು ಬಂದು ಗೋಡೆಗೆ ತೂಗಿತು. ನಲ್ಲಿ ತಿರುಗಿಸಿದಾಗ ಮಾತ್ರ ನೀರು ಕಾಯಿಸುವುದು ಇದರ ಗುಣ, ಸಂಗ್ರಹಿಸಿಡುವ ಹಂಗಿಲ್ಲ, ಪೈಲಟ್ ಜ್ವಾಲೆಯಿಲ್ಲ, ಮೈ ಮುಟ್ಟಿದರೆ ತಣ್ಣಗೆ. ಸಿಲಿಂಡರು ಬೇಡವೆಂದು ಕೆಲಸಗಾರರು ಅದನ್ನು ಕಿತ್ತು, ತಾಮ್ರಕ್ಕೆ ಬೆಲೆಯಿದೆಯೆಂದು ಸಂತೋಷದಿಂದಲೇ ಹೊತ್ತೊಯ್ದರು. ಮೆಟ್ಟಿಲ ಮೇಲೆ ನಿಂತಿದ್ದ ನಮ್ಮಾಕೆಯ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ಮರುವಾರ ಆ ಕಪಾಟು ತಣ್ಣಗಿನ ಒಂದು ಗೂಡಾಗಿತ್ತು, ಟವೆಲುಗಳು ಹಿಂದಿರುಗಿದವು.

ಹೊಸ ಯಂತ್ರದ ಜಾಣತನಕ್ಕೆ ಒಂದು ಬಾಲವೂ ಇತ್ತು. ಹೊಗೆಯೊಳಗಿನ ನೀರಾವಿಯನ್ನು ಹಿಂಡಿ ಬಿಸಿಯನ್ನು ಕಸಿದುಕೊಂಡ ಮೇಲೆ ಉಳಿಯುವ ನೀರು ಒಂದು ಪ್ಲಾಸ್ಟಿಕ್ ಕೊಳವೆಯ ಮೂಲಕ ಹೊರಗಿನ ಮೋರಿಗೆ ತೊಟ್ಟಿಕ್ಕುತ್ತದೆ. ೨೦೧೦ರ ಡಿಸೆಂಬರಿನಲ್ಲಿ ದೇಶವೆಲ್ಲ ಹಿಮದಲ್ಲಿ ಹೂತುಹೋದಾಗ ಆ ಕೊಳವೆಯೊಳಗಿನ ನೀರು ಗಡ್ಡೆಕಟ್ಟಿ, ಸಾವಿರಾರು ಮನೆಗಳ ಬಾಯ್ಲರುಗಳು ಅತ್ಯಂತ ಅವಶ್ಯಕವಾದ ದಿನದಂದೇ ಮೌನವ್ರತ ಹಿಡಿದವು. ಬೇಲಿಯಾಚೆ ನೆರೆಯ ಮುದುಕನು ಕೆಟಲಿನಿಂದಲೂ, ಈಚೆ ನಾನು ಹಿತ್ತಾಳೆಯ ಚೊಂಬಿನಿಂದಲೂ, ಆಯಾ ಮನೆಯ ಕೊಳವೆಗೆ ಬೆಚ್ಚನೆಯ ನೀರನ್ನು ಎರೆಯುತ್ತ ನಿಂತೆವು. ಕುದಿಯುವ ನೀರು ಕೂಡದು, ಕೊಳವೆ ಸೀಳೀತು. ನಿವೃತ್ತ ಬಸ್ ಚಾಲಕನಾದ ಆತನು ಅಷ್ಟು ವರ್ಷಗಳಲ್ಲಿ ನನ್ನೊಡನೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಯಾರ್ಕ್‌ಶೈರಿನವರು ಅನುಕೂಲದ ದಿನಗಳಲ್ಲಿ ಮಿತಭಾಷಿಗಳು.

ಇಷ್ಟಾದರೂ ಬಿಲ್ಲಿನ ವಿಷಯವು ನಮ್ಮ ಮನೆಯಲ್ಲಿ ತತ್ತ್ವಶಾಸ್ತ್ರದ ಮಟ್ಟಕ್ಕೇರಿದ್ದು ೨೦೨೨ರ ಚಳಿಗಾಲದಲ್ಲಿ. ರಷ್ಯವು ಯುಕ್ರೇನಿನ ಮೇಲೆ ಏರಿಹೋದ ವರ್ಷ. ಒಂದು ವರ್ಷದ ಹಿಂದೆ ಸುಮಾರು ೪ ಪೆನ್ಸಿದ್ದ ಒಂದು ಯೂನಿಟ್ ಗ್ಯಾಸಿನ ದರವು, ಸರ್ಕಾರವು ತಾನೇ ಕೈಹಾಕಿ ತಡೆದ ಮೇಲೂ, ಅಕ್ಟೋಬರಿನಲ್ಲಿ ೧೦ ಪೆನ್ಸನ್ನು ದಾಟಿ ನಿಂತಿತು. ಸಾಧಾರಣ ಮನೆಯೊಂದಕ್ಕೆ ವರ್ಷಕ್ಕೆ ೨,೫೦೦ ಪೌಂಡ್ ಎಂದು ಮಂತ್ರಿಗಳು ಸಾರಿದರು; ಎಷ್ಟು ಉರಿಸಿದರೂ ಬಿಲ್ಲು ಅದನ್ನು ಮೀರದೆಂದು ನಂಬಿ ನಿಶ್ಚಿಂತರಾದವರುಂಟು; ಮಿತಿಯಿದ್ದದ್ದು ದರಕ್ಕೆ ಹೊರತು ಬಿಲ್ಲಿಗಲ್ಲವೆಂಬುದು ಅವರಿಗೆ ಅಂಚೆಯವನಿಂದ ತಿಳಿಯಿತು. ಅದೇ ವರ್ಷದ ಆರಂಭದಲ್ಲಿ ಒಂದು ಕಂಪನಿಯು ತನ್ನ ಗ್ರಾಹಕರಿಗೆ ಬಿಸಿಬಿಸಿ ಗಂಜಿ ಕುಡಿಯಿರಿ, ಸಾಕಿದ ನಾಯಿ ಬೆಕ್ಕುಗಳನ್ನು ಅಪ್ಪಿಕೊಳ್ಳಿರಿ ಎಂದು ಉಪದೇಶಿಸಿ, ಜನ ಬೈದ ಮೇಲೆ ಕ್ಷಮೆ ಕೇಳಿತ್ತು. ನನಗಾದರೋ ಆ ಉಪದೇಶದಲ್ಲಿ ನಮ್ಮಜ್ಜಿಯ ಧ್ವನಿಯೇ ಕೇಳಿತು. ಅಜ್ಜಿಯು ಅದಕ್ಕಾಗಿ ತಿಂಗಳ ಶುಲ್ಕವನ್ನು ಕೇಳುತ್ತಿರಲಿಲ್ಲ, ಅಷ್ಟೆ.

ಆಗಲೇ ನಾನು ಮೀಟರನ್ನು ಓದಿ ಲೆಕ್ಕ ಹಾಕುವ ವಿದ್ಯೆಯಲ್ಲಿ ತೊಡಗಿದ್ದು. ಮೀಟರು ಘನಮೀಟರುಗಳನ್ನು ತೋರಿಸುತ್ತದೆ, ಅದನ್ನು ೧.೦೨೨೬೪ರಿಂದ ಗುಣಿಸಬೇಕು, ಬಂದದ್ದನ್ನು ಆ ಅನಿಲದ ಕಾವಿನ ಅಂಕದಿಂದ, ಅಂದರೆ ೩೯ರ ಆಚೀಚೆಗಿನ ಒಂದು ಸಂಖ್ಯೆಯಿಂದ, ಮತ್ತೆ ಗುಣಿಸಬೇಕು, ೩.೬ರಿಂದ ಭಾಗಿಸಬೇಕು, ಒಂದು ಘನಮೀಟರಿಗೆ ಸುಮಾರು ೧೧ ಯೂನಿಟ್ ಬಂದರೆ ಲೆಕ್ಕ ಸರಿ. ಪೆನ್ಸಿಲು ಹಿಡಿದು ಇದನ್ನು ಮಾಡುತ್ತ ಕುಳಿತ ಸಂಜೆಗಳು ನನಗೆ ಪರಮ ಸುಖವನ್ನು ಕೊಟ್ಟಿವೆ. ಕೊನೆಯಲ್ಲಿ ದಿನವೊಂದಕ್ಕೆ ಇಷ್ಟೆಂಬ ಸ್ಥಿರಶುಲ್ಕವನ್ನು ಕೂಡಿಸುವಾಗ ಮಾತ್ರ ಮನಸ್ಸು ಕಹಿಯಾಗುತ್ತದೆ. ಒಂದು ಕಿಡಿಯನ್ನೂ ಹೊತ್ತಿಸದೆ ಕತ್ತಲಲ್ಲಿ ಕುಳಿತರೂ ಅದನ್ನು ತೆರಬೇಕಲ್ಲ! ಕನ್ನಡ ಬಳಗದ ಯುಗಾದಿ ಕೂಟದಲ್ಲಿ, ಹಿಂದೆ ಊರಿನ ಮಳೆಯನ್ನೂ ಮಾವಿನ ಫಸಲನ್ನೂ ಕುರಿತು ನಿಟ್ಟುಸಿರು ಬಿಡುತ್ತಿದ್ದ ನಮ್ಮ ಓರಗೆಯವರು, ಆ ವರ್ಷ ಬೇವುಬೆಲ್ಲವನ್ನು ಅಂಗೈಯಲ್ಲಿ ಹಿಡಿದುಕೊಂಡೇ, ದಿನವಿಡೀ ಸಣ್ಣಗೆ ಉರಿಸುವುದು ಮೇಲೋ, ಬೆಳಗ್ಗೆ ಸಂಜೆ ಮಾತ್ರ ಉರಿಸುವುದು ಮೇಲೋ ಎಂದು ದ್ವೈತಾದ್ವೈತಿಗಳಿಗಿಂತ ಘೋರವಾಗಿ ವಾದಿಸಿದರು. ಬೇಕಾದಾಗ ಉರಿಸಿ ಬೇಡವಾದಾಗ ಆರಿಸುವುದೇ ಲೇಸೆಂದು ತಿಳಿದವರ ಮತ. ಆದರೆ ತಿಳಿದವರ ಮತದಿಂದ ವಾದ ನಿಂತದ್ದನ್ನು ನಾನು ಎಲ್ಲಿಯೂ ಕಂಡಿಲ್ಲ.

ಪಡಸಾಲೆಯ ಗೋಡೆಯ ಮೇಲೆ ಥರ್ಮೋಸ್ಟ್ಯಾಟೆಂಬ ಒಂದು ಚಕ್ರವುಂಟು. ನಾನು ಅದನ್ನು ೧೮ಕ್ಕೆ ಇಳಿಸುತ್ತೇನೆ. ನಾನು ಗ್ರಂಥಾಲಯಕ್ಕೆ ಹೋದೊಡನೆ ಅದು ೨೫ಕ್ಕೆ ಏರುತ್ತದೆ. "ಬೇಗ ಬೆಚ್ಚಗಾಗಲಿ ಅಂತ, ಅಷ್ಟೆ" ಎನ್ನುತ್ತಾಳೆ ನಮ್ಮಾಕೆ. ಚಕ್ರವನ್ನು ಎಷ್ಟು ತಿರುಗಿಸಿದರೂ ಬಾಯ್ಲರು ತನ್ನ ವೇಗದಲ್ಲಿಯೇ ಕಾಯಿಸುವುದೆಂದೂ, ಎಲ್ಲಿಗೆ ಮುಟ್ಟಿ ನಿಲ್ಲಬೇಕೆಂಬುದನ್ನಷ್ಟೇ ಆ ಚಕ್ರ ಹೇಳುವುದೆಂದೂ ನಾನು ಅನೇಕ ಸಲ ಉಪನ್ಯಾಸ ಮಾಡಿದ್ದೇನೆ. ಉಪನ್ಯಾಸವನ್ನು ಶಾಂತಳಾಗಿ ಕೇಳಿ, "ಮನೆ ಮಸಣದ ಹಾಗಿದೆ ರೀ" ಎಂದು ಒಂದೇ ವಾಕ್ಯದಲ್ಲಿ ಖಂಡಿಸುತ್ತಾಳೆ. ರೇಡಿಯೇಟರುಗಳ ಪಕ್ಕದಲ್ಲಿ ೧ರಿಂದ ೫ರವರೆಗೆ ಅಂಕಗಳಿರುವ ತಿರುಪುಗಳಿವೆ. ಯಾರೂ ಮಲಗದ ಕೋಣೆಗಳಲ್ಲಿ ಅವನ್ನು ೧ಕ್ಕೆ ಇಳಿಸಿ ಬಾಗಿಲು ಮುಚ್ಚಿದರೆ ಉಳಿತಾಯವುಂಟೆಂಬುದು ನಿಜ. ಮಕ್ಕಳು ಬಿಟ್ಟುಹೋದ ಕೋಣೆಗಳನ್ನು ಹಾಗೆ ಮುಚ್ಚುವುದಕ್ಕೆ ನನ್ನ ಕೈ ಬರಲು ಬಹುಕಾಲ ಹಿಡಿಯಿತು. ಅದಕ್ಕೂ ಗ್ಯಾಸಿಗೂ ಸಂಬಂಧವಿಲ್ಲ.

ಹದಿನೆಂಟಕ್ಕಿಂತ ಕೆಳಗೆ ನಾನೂ ಇಳಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಹೇಳುವ ಅಂಕವೂ ಅದೇ. ಮಿತವ್ಯಯವು ಸದ್ಗುಣವೆಂಬುದು ಸರಿ. ಆದರೆ ದೇಹದ ಉಷ್ಣತೆ ೩೫ಕ್ಕಿಂತ ಕೆಳಗಿಳಿದು, ಮಾತು ತೊದಲುತ್ತ, ತಮಗೆ ಚಳಿಯೇ ಇಲ್ಲವೆಂದು ಹೇಳುವ ವೃದ್ಧರನ್ನು ಜನವರಿಯ ಬೆಳಗುಗಳಲ್ಲಿ ವಾರ್ಡಿಗೆ ಸೇರಿಸಿಕೊಂಡವನು ನಾನು. ಅವರಲ್ಲಿ ಹಲವರ ಮನೆಯಲ್ಲಿ ಹೀಟರಿತ್ತು, ಬ್ಯಾಂಕಿನಲ್ಲಿ ಹಣವೂ ಇತ್ತು. ನೆರೆಯ ಮುದುಕನಿಗೆ ಇದನ್ನು ಹೇಳಿದರೆ "ಇನ್ನೊಂದು ಸ್ವೆಟರ್ ಹಾಕಿಕೋ" ಎಂಬ ಸ್ಥಳೀಯ ಉಪನಿಷತ್ತನ್ನು ಪಠಿಸುತ್ತಾನೆ. ಅವನ ಮನೆಯಲ್ಲಿ ಕಾಯುವುದು ಒಂದೇ ಕೋಣೆ. ಹೆಂಡತಿ ತೀರಿಕೊಂಡ ಮೇಲೆ ಮಂಚವನ್ನೂ ಅಲ್ಲಿಗೇ ತಂದುಕೊಂಡಿದ್ದಾನೆ.

ಕಳೆದ ಶರತ್ಕಾಲದಲ್ಲಿ ಬಾಯ್ಲರಿನ ವಾರ್ಷಿಕ ತಪಾಸಣೆಗೆ ಬಂದ ತರುಣನೊಬ್ಬನು ಅದರ ಮುಖವನ್ನು ನೋಡಿ ನಕ್ಕು, "ಡಾಕ್ಟರೇ, ಇದನ್ನು ೭೫ರಲ್ಲಿ ಓಡಿಸುತ್ತಿದ್ದೀರಲ್ಲ, ಏಕೆ?" ಎಂದನು. ಅದು ಕೋಣೆಯ ಉಷ್ಣತೆಯಲ್ಲ; ಬಾಯ್ಲರಿನಿಂದ ರೇಡಿಯೇಟರುಗಳಿಗೆ ಹೊರಡುವ ನೀರಿನ ಉಷ್ಣತೆ. ಆ ಗುಂಡಿಯೊಂದುಂಟೆಂಬುದನ್ನೇ ನಾನು ಗಮನಿಸಿದವನಲ್ಲ. ಅವನು ಹೇಳಿದ್ದಿಷ್ಟು: ಗ್ಯಾಸು ಉರಿದಾಗ ಹೊಗೆಯಲ್ಲಿ ನೀರಾವಿ ಇರುತ್ತದೆ, ಆ ಆವಿಯು ನೀರಾಗಿ ಇಳಿದರೆ 'ಗುಪ್ತೋಷ್ಣ'ವೆಂದು ನಾವು ಇಂಟರ್‌ಮೀಡಿಯಟ್ಟಿನಲ್ಲಿ ಓದಿದ ಬಿಸಿಯನ್ನು ಬಿಟ್ಟುಕೊಡುತ್ತದೆ, ಆದರೆ ರೇಡಿಯೇಟರುಗಳನ್ನು ಸುತ್ತಿ ಹಿಂದಿರುಗುವ ನೀರು ಸುಮಾರು ೫೫ ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆವಿಯು ಹಾಗೆ ಇಳಿಯುವುದು, ನೀರನ್ನು ತೀರ ಬಿಸಿಯಾಗಿ ಕಾಯಿಸಿ ಕಳುಹಿಸಿದರೆ ಅದು ಬಿಸಿಯಾಗಿಯೇ ಮರಳಿ, ಕಂಡೆನ್ಸಿಂಗ್ ಎಂಬ ಹೆಸರು ಪೆಟ್ಟಿಗೆಯ ಮೇಲೆ ಉಳಿದು, ಆವಿಯು ಬೆಲೆಬಾಳುವ ಬಿಸಿಯೊಡನೆ ಚಿಮಣಿಯಿಂದ ಹೊರಟುಹೋಗುತ್ತದೆ. ೬೦ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಸಿದರೆ ನೂರಕ್ಕೆ ಆರೆಂಟು ಪಾಲು ಗ್ಯಾಸು ಉಳಿಯುವುದೆಂದು ಈ ಕಸುಬಿನವರ ಅಂದಾಜು. ಸಿಲಿಂಡರಿರುವ ಮನೆಯವರು ಮಾತ್ರ ಹೀಗೆ ಕಣ್ಣುಮುಚ್ಚಿ ಇಳಿಸಬಾರದು. ನಿಂತ ನೀರು ೬೦ನ್ನು ಮುಟ್ಟದಿದ್ದರೆ ಲೆಜಿಯೊನೆಲ್ಲವೆಂಬ ಕ್ರಿಮಿ ಬೆಳೆದೀತು. ಇದನ್ನು ಅವನು ಹೇಳುವ ಮೊದಲೇ ನಾನು ಹೇಳಿ, ನನ್ನ ಪಾಂಡಿತ್ಯದ ಮಾನವನ್ನು ಕಿಂಚಿತ್ ಉಳಿಸಿಕೊಂಡೆನು.

ಅವನು ಅದನ್ನು ೫೫ಕ್ಕೆ ಇಳಿಸಿ ಹೋದನು. ಅಂದಿನಿಂದ ನಮ್ಮ ರೇಡಿಯೇಟರುಗಳು ಸುಡುವುದನ್ನು ಬಿಟ್ಟವು. ಉಗುರುಬೆಚ್ಚಗಿದ್ದುಕೊಂಡು, ಹೆಚ್ಚು ಹೊತ್ತು, ಅವಸರವಿಲ್ಲದೆ ಕೋಣೆಯನ್ನು ಕಾಯಿಸುತ್ತವೆ, ಥರ್ಮಾಮೀಟರು ೧೯ ತೋರಿಸುತ್ತದೆ, ಬಿಲ್ಲು ಇಳಿದಿದೆ. ಎಲ್ಲವೂ ಸರಿ, ನನ್ನ ಬಲಗೈ ಮಾತ್ರ ಒಪ್ಪದು. ಕೋಣೆಯ ಬಿಸುಪಿಗೂ ಅಂಗೈಯ ಬಿಸುಪಿಗೂ ಇಷ್ಟು ಅಂತರವಿದ್ದೀತೆಂದು ನಾನು ಎಣಿಸಿರಲಿಲ್ಲ. ಇಷ್ಟು ವರ್ಷ ನಾನು ತೆತ್ತ ಹಣದಲ್ಲಿ ಒಂದು ಪಾಲು ಬಿಸಿಗಾಗಿ, ಇನ್ನೊಂದು ಪಾಲು ಬಿಸಿಯಿದೆಯೆಂಬ ಭರವಸೆಗಾಗಿ. ನಮ್ಮಾಕೆಯಂತೂ ಒದ್ದೆ ಕಾಲುಚೀಲವನ್ನು ರೇಡಿಯೇಟರಿನ ಮೇಲೆ ಹರವಿ, ಗಂಟೆಯ ಬಳಿಕ ಮುಟ್ಟಿ ನೋಡಿ, "ಇದಕ್ಕೆ ಜ್ವರವೇ ಬಿಟ್ಟುಹೋಗಿದೆ" ಎಂದು ನಿರಾಶಳಾದಳು. ಮೊಸರನ್ನು ಈಗ ಆಕೆ ಓವನ್ನಿನೊಳಗೆ ದೀಪವನ್ನಷ್ಟೇ ಹಚ್ಚಿಟ್ಟು ಕಟ್ಟಿಸುತ್ತಾಳೆ. ಗ್ಯಾಸಿನಲ್ಲಿ ಉಳಿಸಿದ್ದರಲ್ಲಿ ಸ್ವಲ್ಪಾಂಶ ಹೀಗೆ ರಾತ್ರಿಯಿಡೀ ವಿದ್ಯುತ್ತಿಗೆ ಹೋಗುತ್ತಿರುವುದನ್ನು ನಾನು ಕಂಡೂ ಕಾಣದವನಂತೆ ಇದ್ದೇನೆ. ಮೊಸರು ಕಟ್ಟುತ್ತದೆ, ಆದರೆ ಕಪಾಟಿನ ಮೊಸರಲ್ಲ.

ಈ ನಡುವೆ ನಮ್ಮ ಮಗನು ಹೀಟ್ ಪಂಪಿನ ಕರಪತ್ರಗಳನ್ನು ಕಳುಹಿಸತೊಡಗಿದನು. ಹೊರಗಿನ ಚಳಿಗಾಳಿಯಿಂದಲೇ ಬಿಸಿಯನ್ನು ಹೀರಿ ಒಳಕ್ಕೆ ತರುವ ಆ ಯಂತ್ರಕ್ಕೆ ಸರ್ಕಾರವು ೭,೫೦೦ ಪೌಂಡಿನ ಸಹಾಯಧನವನ್ನು ಕೊಡುತ್ತದೆ. ಅದಕ್ಕೂ ಉಗುರುಬೆಚ್ಚನೆಯ ರೇಡಿಯೇಟರೇ ಪ್ರಿಯ. ನಾನು ಕರಪತ್ರಗಳನ್ನು ಒಟ್ಟಿ ಬದಿಗಿಟ್ಟಿದ್ದೆನು. ನಮ್ಮಾಕೆಯು ಒಂದು ದಿನ ಕನ್ನಡಕ ಹಾಕಿಕೊಂಡು ಅವುಗಳನ್ನು ಓದುತ್ತ ಓದುತ್ತ ಥಟ್ಟನೆ ನಿಂತಳು. "ರೀ, ಇದಕ್ಕೆ ಸಿಲಿಂಡರ್ ಬೇಕಂತೆ!" ಹೌದು, ಹೀಟ್ ಪಂಪು ನಲ್ಲಿ ತಿರುಗಿಸಿದೊಡನೆ ನೀರು ಕಾಯಿಸಲಾರದು, ನೀರನ್ನು ಕಾಯಿಸಿ ಸಂಗ್ರಹಿಸಿಡಲೇಬೇಕು. ಮಹಡಿಯ ಆ ಕಪಾಟಿನಿಂದ ಅಂದೇ ಟವೆಲುಗಳು ಹೊರಬಿದ್ದವು, ಹಲಗೆಗಳನ್ನು ಒರೆಸಿದ್ದಾಯಿತು, ಮಗನಿಗೆ ಫೋನು ಹೋಯಿತು. ಭೂಮಂಡಲದ ತಾಪವನ್ನು ಕುರಿತು ಅವನು ವರ್ಷಗಟ್ಟಲೆ ಹೇಳಿದ್ದರಿಂದ ಆಗದ ಕಾರ್ಯವು ಹೀಗೆ ಅರ್ಧ ಗಂಟೆಯಲ್ಲಿ ಆಯಿತು.

ಅಳತೆ ತೆಗೆದುಕೊಳ್ಳಲು ಬಂದವನು ಸೌಜನ್ಯಮೂರ್ತಿ. ಕಿಟಕಿ, ಗೋಡೆ, ಅಟ್ಟಗಳನ್ನು ಅಳೆದು, ಮಹಡಿಯ ಕಪಾಟನ್ನು ತೆರೆದು ನೋಡಿ, ಸಿಲಿಂಡರು ಇಲ್ಲಿ ಸಲೀಸಾಗಿ ಹಿಡಿಯುವುದೆಂದನು. ನಮ್ಮಾಕೆಯು ಅವನ ಬೆನ್ನಿಗೇ ನಿಂತಿದ್ದವಳು, ಸಿಲಿಂಡರನ್ನು ಇಟ್ಟ ಮೇಲೆ ಈ ಹಲಗೆಗಳು ಎಷ್ಟು ಬೆಚ್ಚಗಿದ್ದಾವೆಂದು ಕೇಳಿದಳು. ಅವನು ಆ ಪ್ರಶ್ನೆಯನ್ನು ಗೃಹಿಣಿಯೊಬ್ಬಳ ಮಿತವ್ಯಯದ ಆತಂಕವೆಂದು ತಿಳಿದು, ಆಶ್ವಾಸನೆಯ ಧ್ವನಿಯಲ್ಲಿ, "ಆ ಚಿಂತೆಯೇ ಬೇಡ. ಈಗಿನ ಸಿಲಿಂಡರುಗಳಿಗೆ ಕಾರ್ಖಾನೆಯಲ್ಲಿಯೇ ದಪ್ಪ ಫೋಮಿನ ಕವಚ ತುಂಬಿರುತ್ತಾರೆ, ಒಳಗಿನ ಬಿಸಿ ಹೊರಗೆ ಸೋರುವುದೇ ಇಲ್ಲವೆನ್ನಬಹುದು" ಎಂದನು.

ನಮ್ಮಾಕೆಯು ನನ್ನ ಕಡೆಗೆ ತಿರುಗಿ ಕನ್ನಡದಲ್ಲಿ, "ಕೇಳಿಸ್ತೇನ್ರೀ? ಸೋರೋದೇ ಇಲ್ಲವಂತೆ. ಇನ್ನು ಈ ಯಂತ್ರ ತಗೊಂಡು ಏನು ಮಾಡೋದು? ಪಾಪ, ದೂರದಿಂದ ಬಂದಿದ್ದಾನೆ, ಒಂದು ಕಪ್ಪು ಚಹಾ ಕೊಟ್ಟು ಕಳಿಸಿ" ಎಂದಳು. ಸಕ್ಕರೆ ಎಷ್ಟು ಬೇಕೆಂದು ನಾನು ಕೇಳಲು, ಆತನು ಎರಡು ಚಮಚೆಯೆಂದು ಹೇಳಿ, ಕಾಗದದಲ್ಲಿ ಅಂಕಗಳನ್ನು ಉತ್ಸಾಹದಿಂದ ತುಂಬಿಸತೊಡಗಿದನು.